ಹಾರ್ಲನ್ ಸ್ಟೆನ್‌ರುಡ್‌ನ ಬಲಗೈ

ಸರ್‌ಪ್ರೈಸ್, ಅರಿಜೋನ
ಫೆಬ್ರುವರಿ 13

ಎಫ್ರೈನ್,

ಕವರಿನ ಮೇಲೆ ನನ್ನ ಹೆಸರು ನೋಡಿ ನೀನು ಇದನ್ನು ಒಡೆಯದೆಯೇ ಬಿಸಾಡಿದ್ದರೂ ನನಗೆ ಬೇಸರವಿಲ್ಲ. ಎರಡು ವರ್ಷ ನಿನ್ನ ಫೋನು ಎತ್ತದವನು ನಾನು. ಈಗ ನಾನೇ ಫೋನು ಮಾಡಬಹುದಿತ್ತು. ಆದರೆ ಒಂಬತ್ತು ವರ್ಷ ನನ್ನೆದುರು ಕುಕ್ಕರುಗಾಲಲ್ಲಿ ಕೂತು ನನ್ನ ಚೆಂಡು ಹಿಡಿದವನು ನೀನು. 'ಹಲೋ' ಅಂದ ದನಿಯಲ್ಲೇ ನನ್ನ ಜಾತಕ ಓದಿಬಿಡುತ್ತೀಯ. ಅದಕ್ಕೇ ಕಾಗದ.

ಹೆರನ್ಸ್ ಬೇಸ್‌ಬಾಲ್ ತಂಡದವರು ನನ್ನನ್ನು ಸೀಸನ್ನಿಗೆ ಮುಂಚಿನ ವಸಂತದ ಶಿಬಿರಕ್ಕೆ ಕರೆದಿದ್ದಾರೆ. ಕರಾರಿಲ್ಲ, ಭರವಸೆಯಿಲ್ಲ. ಬಾ, ಎಸೆದು ತೋರಿಸು, ಆಮೇಲೆ ನೋಡೋಣ ಎಂದಷ್ಟೇ. ಮೂವತ್ತೊಂಬತ್ತರ ಪಿಚರ್‌ಗೆ ಇಷ್ಟು ಸಿಕ್ಕಿದ್ದೇ ದೊಡ್ಡದು ಎನ್ನುತ್ತಾಳೆ ಮಾರಿಟ್. ಅವಳು ಮಿನೆಸೋಟದ ನಮ್ಮ ಮನೆಯಲ್ಲೇ ಇದ್ದಾಳೆ. ಕೆರೆ ಇನ್ನೂ ಕಲ್ಲಿನ ಹಾಗೆ ಹೆಪ್ಪುಗಟ್ಟಿದೆಯಂತೆ, ಹಿಮಕ್ಕೆ ತೂತು ಕೊರೆದು ಮೀನು ಹಿಡಿಯುತ್ತಿದ್ದಾಳೆ. ಇಲ್ಲಿ ಕಿತ್ತಳೆ ಗಿಡಗಳಲ್ಲಿ ಮೊಗ್ಗು. ನನ್ನ ಚೆಂಡು ಹಿಡಿಯುವ ಹೊಸ ಕ್ಯಾಚರ್‌ಗೆ ಇಪ್ಪತ್ತೆರಡು. ನನ್ನನ್ನು 'ಸರ್' ಎನ್ನುತ್ತಾನೆ. ಮೊನ್ನೆ ಕೇಳಿದ: "ಸರ್, ನೀವು ಆಡ್ತಿದ್ದ ಕಾಲದಲ್ಲಿ ಹೆಲ್ಮೆಟ್ ಇತ್ತಾ?" ತಮಾಷೆಗೆ ಕೇಳಿದನೋ ನಿಜಕ್ಕೂ ಕೇಳಿದನೋ ತಿಳಿಯಲಿಲ್ಲ.

ಒಂದು ಮಾತು ಕೇಳುವುದಕ್ಕೆ ಬರೆದೆ. ನಿಜವಾದ ಆಟಗಾರರ ಹೆಸರಲ್ಲಿ ಕಾಗದದ ಮೇಲೆ ತಂಡ ಕಟ್ಟಿ ಆಡುವ ಫ್ಯಾಂಟಸಿ ಲೀಗಿನವರಿಗಾಗಿ ನೀನು ಪ್ರತಿ ವಸಂತದಲ್ಲೂ ಪತ್ರಿಕೆಯಲ್ಲಿ ಬರೆಯುತ್ತೀಯಲ್ಲ, ಈ ಸಲ ಯಾವ ಪಿಚರ್‌ನನ್ನು ತಮ್ಮ ಕಾಗದದ ತಂಡಕ್ಕೆ ಆರಿಸಿಕೊಳ್ಳಬೇಕು, ಯಾರನ್ನು ಬಿಡಬೇಕು ಎಂದು. ಎರಡು ವರ್ಷದ ಕೆಳಗೆ ಅದರಲ್ಲಿ ನೀನು ಬರೆದಿದ್ದೆ: 'ಸ್ಟೆನ್‌ರುಡ್‌ಗೆ ನಮಸ್ಕಾರ ಮಾಡಿ, ಆದರೆ ಆರಿಸಿಕೊಳ್ಳಬೇಡಿ.' ಆ ಸಾಲನ್ನು ಆಗಿನ ತಂಡದ ಕಚೇರಿಯಲ್ಲಿ ಯಾರೋ ಗೋಡೆಗೆ ಅಂಟಿಸಿದ್ದರು. ನೀನು ಬರೆದದ್ದು ಸುಳ್ಳಾಗಲಿಲ್ಲ, ಆ ಬೇಸಗೆಯಲ್ಲೇ ನನ್ನನ್ನು ಬಿಟ್ಟರು. ಅದು ಹಳೆಯ ಮಾತು. ಈ ವರ್ಷ ನನ್ನ ಬಗ್ಗೆ ಒಳ್ಳೆಯದೂ ಬೇಡ, ಕೆಟ್ಟದ್ದೂ ಬೇಡ. ಏನೂ ಬರೆಯಬೇಡ. ಇಷ್ಟು ಮಾಡಿದರೆ ಸಾಕು.

ಎಲ್ವೀರಾಗೆ ನನ್ನ ನೆನಪು ಹೇಳು.

ಹಾರ್ಲನ್

•

ಟೂಸಾನ್
ಫೆಬ್ರುವರಿ 19

ಹಾರ್ಲನ್, ಹಠಮಾರಿ,

ನಿನ್ನ ಕಾಗದ ಬಂದಾಗ ಎಲ್ವೀರಾ ಬಾಗಿಲಲ್ಲಿ ನಿಂತು ಕೂಗಿದಳು: "ಬನ್ನಿ, ಬನ್ನಿ, ಸತ್ತವರ ಲೋಕದಿಂದ ಟಪಾಲು ಬಂದಿದೆ!" ಆಮೇಲೆ ಅಡುಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ಸದ್ದು ಮಾಡಿದಳು. ಅವಳು ಅಳುವಾಗ ಹಾಗೆ ಮಾಡುತ್ತಾಳೆ, ನಿನಗೆ ಗೊತ್ತಲ್ಲ.

ನನ್ನ ಎರಡೂ ಮೊಣಕಾಲು ಹೋಗಿವೆ. ಬೆಳಗ್ಗೆ ಮಂಚದಿಂದ ಇಳಿಯುವಾಗ ಹಳೆಯ ಬಾಗಿಲಿನ ಹಾಗೆ ಕಿರುಗುಟ್ಟುತ್ತೇನೆ. ಆ ಕಿರುಗುಟ್ಟುವಿಕೆಯಲ್ಲಿ ನಿನ್ನ ಪಾಲೂ ಇದೆ: ಒಂಬತ್ತು ವರ್ಷ ನೆಲಕ್ಕೆ ಬಡಿಯುವ ಚೆಂಡು ಎಸೆದೆಯಲ್ಲ. ಹೊಟ್ಟೆ ಮಾತ್ರ ಚೆನ್ನಾಗಿದೆ. ಅತ್ತೆ ಮಾಡುವ ಗೋಧಿ ಟೋರ್ಟಿಯಾ ರೊಟ್ಟಿ ಈಗಲೂ ತಟ್ಟೆಯ ಅಂಚು ದಾಟಿ ಕೆಳಗೆ ಜೋಲುತ್ತದೆ. ಬಾ, ತಿಂದು ಹೋಗು.

ಬರೆಯಬೇಡ ಅಂದೆ, ಬರೆಯುವುದಿಲ್ಲ. ಆದರೆ ನಾನು ಬರೆಯದಿದ್ದರೂ ಜನ ಕೇಳುತ್ತಾರೆ. ನೀನು ಶಿಬಿರಕ್ಕೆ ಬಂದ ಸುದ್ದಿ ಹರಡಿದ ದಿನವೇ ಹತ್ತಾರು ಜನ ಕೇಳಿದರು. ಐಯೋವಾದಿಂದ ಒಬ್ಬ ಹಲ್ಲಿನ ಡಾಕ್ಟರು ಪ್ರತಿ ವರ್ಷ ನಿನ್ನ ಹೆಸರು ಹಿಡಿದು ಕೇಳುತ್ತಾನೆ. ಅವನ ಲೀಗಿನಲ್ಲಿ ಅವನೇ ಯಾವಾಗಲೂ ಕಡೆ. ನಿನ್ನ ಅಭಿಮಾನಿಗಳ ಹಣೆಬರಹ ಅದು.

ನಾನೂ ಒಂದು ಕೇಳಲೇ? ಏನೂ ಬರೆಯಬೇಡ ಎಂದು ಒಬ್ಬ ಮನುಷ್ಯ ಕಾಗದ ಬರೆದು ಕೇಳಿಕೊಳ್ಳುವುದು ಯಾವಾಗ? ಕೈ ಹೇಗಿದೆ, ಹಾರ್ಲನ್?

ನಿನ್ನ
ಎಫ್ರೈನ್

•

ಸರ್‌ಪ್ರೈಸ್
ಫೆಬ್ರುವರಿ 28

ಎಫ್ರೈನ್,

ಮೊದಲ ಪಂದ್ಯದಲ್ಲಿ ಎರಡು ಇನ್ನಿಂಗ್ಸ್ ಎಸೆದೆ. ಒಬ್ಬನೂ ಹೊಡೆಯಲಿಲ್ಲ. ವೇಗ ಕಡಿಮೆ, ಅದು ಎಲ್ಲರಿಗೂ ಕಾಣುತ್ತದೆ. ಆದರೆ ಈ ಹುಡುಗರಿಗೆ ವೇಗ ಬಿಟ್ಟರೆ ಬೇರೇನೂ ಕಲಿಸಿಲ್ಲ. ಚೆಂಡನ್ನು ಇಲ್ಲೊಂದು ಅಲ್ಲೊಂದು ಇಟ್ಟರೆ ಸಾಕು, ತಮ್ಮಷ್ಟಕ್ಕೆ ತಾವೇ ಔಟಾಗಿ ಹೋಗುತ್ತಾರೆ. ಮ್ಯಾನೇಜರ್ ಮರ್ಲ್ ಟ್ಯಾಗರ್ಟ್ ಮಾತು ಕಡಿಮೆಯ ಮನುಷ್ಯ. ನಾನು ಬಂದು ಬೆಂಚಿನಲ್ಲಿ ಕೂತಾಗ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ. ಅದನ್ನೇ ಹೊಗಳಿಕೆ ಅಂದುಕೊಂಡೆ.

ಬೇಲಿಯ ಹತ್ತಿರ ಅಗಲವಾದ ಹ್ಯಾಟಿನ ಮುದುಕನೊಬ್ಬ ಕರೆದ. ಸಹಿ ಕೇಳುತ್ತಾನೆ ಅಂದುಕೊಂಡೆ. "ನೋಡಪ್ಪ, ನಮ್ಮ ಫ್ಯಾಂಟಸಿ ಲೀಗಲ್ಲಿ ಆಟಗಾರರನ್ನ ಆರಿಸೋವಾಗ ಹದಿನೆಂಟನೇ ಸುತ್ತಲ್ಲಿ ನಿನ್ನನ್ನ ತಗೊಳ್ಳೋಣ ಅಂತಿದೀನಿ. ನನ್ನ ಅಳಿಯ ನಗ್ತಾನೆ. ನಿಜ ಹೇಳು, ತಗೊಳ್ಳಲಾ?" ಎಂದ.

"ಅಳಿಯ ಹೇಳಿದ್ದೇ ಸರಿ ಇರಬಹುದು" ಎಂದೆ.

"ಥೂ, ಅವನು ಹೇಳಿದ್ದು ಯಾವತ್ತೂ ಸರಿ ಇಲ್ಲ. ತಗೊಂಡೆ ಬಿಡು" ಎಂದು ಹೋದ. ಅವನ ಬೆನ್ನು ಮರೆಯಾಗುವವರೆಗೂ ನೋಡುತ್ತ ನಿಂತಿದ್ದೆ. ಯಾಕೆ ಅಂತ ಗೊತ್ತಿಲ್ಲ.

ಈಗ ನಿಧಾನದ ಚೆಂಡು ಎಸೆಯುತ್ತಿಲ್ಲ. ಬೇಕೆನಿಸಿಲ್ಲ. ಬೆಳಗ್ಗೆ ಎಲ್ಲರಿಗಿಂತ ಮೊದಲು ಮೈದಾನಕ್ಕೆ ಹೋಗುತ್ತೇನೆ, ಎಲ್ಲರಿಗಿಂತ ಕೊನೆಗೆ ಬರುತ್ತೇನೆ. ಒಬ್ಬನೇ ಬಟ್ಟೆ ಬದಲಿಸುವುದು ನನಗೆ ಹಿತ. ಒಟ್ಟಿನಲ್ಲಿ ಎಲ್ಲ ಚೆನ್ನಾಗಿ ನಡೆಯುತ್ತಿದೆ.

ಹಾರ್ಲನ್

•

ಟೂಸಾನ್
ಮಾರ್ಚ್ 6

ಹಾರ್ಲನ್,

ಕೈ ಹೇಗಿದೆ ಅಂತ ಕೇಳಿದ್ದೆ. ನೀನು ಮುದುಕನ ಹ್ಯಾಟಿನ ಬಗ್ಗೆ ಬರೆದೆ.

ಆದ್ದರಿಂದ ಮಂಗಳವಾರ ನಾನೇ ಬಂದೆ. ನಿನಗೆ ಹೇಳದೆ. ಟಿಕೆಟ್ ಕೊಂಡು, ಹೋಮ್ ಪ್ಲೇಟಿನ ಹಿಂದೆ, ಬ್ಯಾಟಿನವನ ಬೆನ್ನ ಕಡೆ, ಬಲೆಗೆ ಅಂಟಿಕೊಂಡ ಸೀಟಿನಲ್ಲಿ, ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದೆ. ಸಾಸೇಜು ತಿನ್ನುತ್ತ ಸುತ್ತಲಿನವರೆಲ್ಲ ಸ್ಕೋರು ನೋಡುತ್ತಿದ್ದರು. ಮೂರು ಇನ್ನಿಂಗ್ಸ್, ಒಂದೂ ರನ್ ಇಲ್ಲ. ಪಕ್ಕದವನು "ಮುದುಕ ಎದ್ದು ಬಂದ ನೋಡ್ರೋ!" ಎಂದು ಚಪ್ಪಾಳೆ ತಟ್ಟಿದ.

ನಾನು ಸ್ಕೋರು ನೋಡಲಿಲ್ಲ. ಒಂಬತ್ತು ವರ್ಷ ನಿನ್ನ ಮುಖಕ್ಕಿಂತ ಹೆಚ್ಚು ನಿನ್ನ ಕೈಯನ್ನು ನೋಡಿದವನು ನಾನು. ಒಂದು ಚೆಂಡಿಗೂ ಇನ್ನೊಂದಕ್ಕೂ ನಡುವೆ ಕೈಯನ್ನು ಬೆನ್ನಹಿಂದೆ ಒಯ್ದು ಕೊಡವುತ್ತೀಯ, ನೊಣ ಕೂತ ದನದ ಹಾಗೆ. ಚೆಂಡು ಜಾರದಿರಲು ಕೈಗೆ ಹಚ್ಚುವ ರಾಳದ ಪುಡಿಯ ಚೀಲವನ್ನು ಎಡಗೈಯಲ್ಲಿ ಎತ್ತುತ್ತೀಯ. ನಿನ್ನ ನಿಧಾನದ ಚೆಂಡಿಗೆ ಉಂಗುರಬೆರಳಿನ ಆಸರೆ ಬೇಕು, ಅದಿಲ್ಲದೆ ಆ ಚೆಂಡು ಬ್ಯಾಟಿನ ಮುಂದೆ ತಟ್ಟನೆ ಕೆಳಗಿಳಿಯುವುದಿಲ್ಲ. ಆ ಚೆಂಡಿನಿಂದಲೇ ಅನ್ನ ತಿಂದವನು ನೀನು. ಬೇಕೆನಿಸಿಲ್ಲ ಅಂತ ಬರೆದಿದ್ದೀಯ.

ಉಂಗುರಬೆರಳು, ಕಿರುಬೆರಳು ಎರಡಕ್ಕೂ ಸ್ಪರ್ಶ ಹೋಗಿದೆ. ಹೌದೋ ಅಲ್ಲವೋ? ಮೊಣಕೈಯ ನರ. ಇಂಥದ್ದೇ ನಮ್ಮ ಹಳೆಯ ತಂಡದ ಎಡಗೈ ಪಿಚರ್‌ಗೆ ಆಗಿತ್ತು. ಎಲ್ಲರೂ ನೋಡಿದ್ದೇವೆ.

ತಂಡದ ಡಾಕ್ಟರ ಹತ್ತಿರ ಹೋಗು. ಇಂದೇ ಹೋಗು. ನಿನ್ನ ಕೈ ಕೆಟ್ಟರೆ ಅದು ನಿನ್ನ ಪಾಡು. ಆದರೆ ಬೆರಳಿಗೆ ತಿಳಿಯದೆ ಚೆಂಡು ಬಿಟ್ಟರೆ ಅದು ಎಲ್ಲಿಗೆ ಹೋಗುತ್ತದೆ ಅಂತ ನಿನಗೂ ಗೊತ್ತಿರುವುದಿಲ್ಲ. ಆ ಕಡೆ ನಿಂತವನ ತಲೆ ಹೆಲ್ಮೆಟ್ಟಿನೊಳಗಿದ್ದರೂ ಮುಖ ಹೊರಗಿರುತ್ತದೆ.

ನನ್ನ ಸಂಪಾದಕ ನಿನ್ನ ಬಗ್ಗೆ ದೊಡ್ಡ ಲೇಖನ ಬರಿ ಎಂದು ದುಂಬಾಲು ಬಿದ್ದಿದ್ದಾನೆ. ಅದನ್ನು ಹೆದರಿಸಲು ಹೇಳುತ್ತಿಲ್ಲ. ತಿಳಿದಿರಲಿ ಅಂತ ಹೇಳಿದೆ.

ಎಫ್ರೈನ್

•

ಸರ್‌ಪ್ರೈಸ್
ಮಾರ್ಚ್ 8

ನಿನ್ನನ್ನು ಕರೆದವರು ಯಾರು?

ಬರೆಯಬೇಕೆಂದಿದ್ದರೆ ಬರೆದುಕೋ. ಒಂದು ಸಲ ಬರೆದು ನನ್ನನ್ನು ಮನೆಗೆ ಕಳಿಸಿದ್ದೀಯ, ಇನ್ನೊಂದು ಸಲಕ್ಕೆ ಕೈ ನಡುಗಲಾರದು. ಬೆಳಗ್ಗೆ ಎದ್ದರೆ ನಿನಗೆ ಹೋಗಲು ಒಂದು ಮೇಜು ಇದೆ, ಹೇಳಲು ಹತ್ತು ಮಾತಿವೆ. ನನಗೆ ಇರುವುದು ಇದೊಂದೇ ಕೈ.

ಇನ್ನು ಕಾಗದ ಬೇಡ.

ಹಾ. ಸ್ಟೆನ್‌ರುಡ್

•

ಬೆಮಿಜಿ, ಮಿನೆಸೋಟ
ಮಾರ್ಚ್ 12

ಎಫ್ರೈನ್ ಅವರಿಗೆ,

ನೀವಿಬ್ಬರೂ ಮತ್ತೆ ಕಾಗದ ಬರೆದುಕೊಳ್ಳುತ್ತಿದ್ದೀರಿ ಎಂದು ಹಾರ್ಲನ್ ಹೇಳಿದಾಗ ನನಗೆ ಎಷ್ಟು ಸಮಾಧಾನವಾಯಿತು ಗೊತ್ತೇ? ಈ ಎರಡು ವರ್ಷ ಅವರು ನಿಮ್ಮ ಹೆಸರು ಎತ್ತುತ್ತಿರಲಿಲ್ಲ. ಆದರೆ ನಿಮ್ಮ ಲೇಖನಗಳನ್ನು ಒಂದೂ ಬಿಡದೆ ಓದುತ್ತಿದ್ದರು. ನನಗೆ ಕಾಣಿಸಬಾರದೆಂದು ಗ್ಯಾರೇಜಿನಲ್ಲಿ ಕೂತು.

ಈಗ ಕೆಲವು ದಿನಗಳಿಂದ ಫೋನಿನಲ್ಲಿ ಮಾತೇ ಆಡುತ್ತಿಲ್ಲ. "ಚೆನ್ನಾಗಿ ನಡೀತಿದೆ" ಅನ್ನುತ್ತಾರೆ. ಆಮೇಲೆ ಮೀನು ಸಿಕ್ಕಿತಾ ಎಂದು ಕೇಳುತ್ತಾರೆ. ಮೀನಿನ ಮೇಲೆ ಅವರಿಗೆ ಯಾವತ್ತೂ ಆಸೆಯಿರಲಿಲ್ಲ.

ಜನವರಿಯಲ್ಲಿ ಇಲ್ಲಿದ್ದಾಗ ಒಂದು ಬೆಳಿಗ್ಗೆ ಅವರು ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನು ಬಾಗಿಲ ಸಂದಿಯಿಂದ ನೋಡಿದೆ. ಬಹಳ ಹೊತ್ತು ಹಿಡಿಯಿತು. ನಾನು ಒಳಗೆ ಹೋಗಲಿಲ್ಲ. ಹೋಗಿದ್ದರೆ ಅವರು ಏನಾದರೂ ಹೇಳಬೇಕಾಗುತ್ತಿತ್ತು, ನಾನು ಏನಾದರೂ ಕೇಳಬೇಕಾಗುತ್ತಿತ್ತು. ಇಪ್ಪತ್ತು ವರ್ಷ ಕೇಳದೆಯೇ ಸಂಸಾರ ನಡೆದಿದೆ.

ನಿಮಗೇನಾದರೂ ಗೊತ್ತಿದ್ದರೆ ತಿಳಿಸಿ. ಇಲ್ಲಿ ಹಿಮ ಬಿರುಕು ಬಿಡುತ್ತಿದೆ, ಇನ್ನು ಕೆರೆಯ ಮೇಲೆ ನಡೆಯುವಂತಿಲ್ಲ. ಮನೆಯಲ್ಲಿ ಕೂತರೆ ಬರೀ ಯೋಚನೆ.

ಮಾರಿಟ್

•

ಟೂಸಾನ್
ಮಾರ್ಚ್ 15

ಹಾರ್ಲನ್,

ಕಾಗದ ಬೇಡ ಅಂದಿದ್ದೀಯ. ಇದೊಂದು.

ಮಾರಿಟ್ ಬರೆದಿದ್ದಾಳೆ. ನಿನಗೇನಾಗಿದೆ ಅಂತ ಕೇಳಿದ್ದಾಳೆ. ನಾನು ಉತ್ತರ ಬರೆದಿಲ್ಲ. ಆ ಉತ್ತರ ಬರೆಯಬೇಕಾದ ಕೈ ನನ್ನದಲ್ಲ.

ನಿನ್ನ ಬಗ್ಗೆ ಬರೆಯುವುದಿಲ್ಲ ಎಂದು ಸಂಪಾದಕನಿಗೆ ಹೇಳಿದೆ. ಆತ ಕುಣಿದಾಡಿದ. "ಇಡೀ ದೇಶ ಕೇಳ್ತಿರೋದು ಅವನೊಬ್ಬನ್ನೇ, ನೀನು ಬಾಯಿಗೆ ಬೀಗ ಹಾಕ್ಕೊಂಡು ಕೂತ್ಕೋ!" ಎಂದ. ಪಿಚರ್‌ಗಳ ಪಟ್ಟಿ ಕೊಟ್ಟೆ, ನಿನ್ನ ಹೆಸರು ಬಿಟ್ಟೆ. ಯಾಕೆ ಬಿಟ್ಟೆ ಅಂತ ಓದುಗರು ಕೇಳುತ್ತಾರಲ್ಲ, ಅದಕ್ಕೆ ಕೆಳಗೊಂದು ಸಾಲು ಸೇರಿಸಿದೆ: 'ಸ್ಟೆನ್‌ರುಡ್ ನನ್ನ ಗೆಳೆಯ, ಅವನ ಭವಿಷ್ಯ ನಾನು ಹೇಳುವುದಿಲ್ಲ.' ಅಷ್ಟೇ.

ಅದು ಸರಿಯೋ ತಪ್ಪೋ ನನಗೆ ತಿಳಿಯದು. ಐಯೋವಾದ ಹಲ್ಲಿನ ಡಾಕ್ಟರಿಗೆ ಮೋಸವಾದರೆ ಅವನು ಮತ್ತೊಮ್ಮೆ ಕಡೆಯವನಾಗುತ್ತಾನೆ, ಅಷ್ಟರಲ್ಲಿ ಮುಗಿಯುತ್ತದೆ. ಬ್ಯಾಟು ಹಿಡಿದು ನಿನ್ನೆದುರು ನಿಲ್ಲುವ ಹುಡುಗನದು ಹಾಗಲ್ಲ. ನಿನ್ನ ಪಂದ್ಯ ನೋಡಿದ ಆ ಮಂಗಳವಾರದಿಂದ ನಾನು ಸರಿಯಾಗಿ ನಿದ್ದೆ ಮಾಡಿಲ್ಲ. ಒಂದು ಫೋನು ಮಾಡಿ ಟ್ಯಾಗರ್ಟ್‌ಗೆ ಹೇಳಿಬಿಡೋಣ ಅಂತ ಎತ್ತುತ್ತೇನೆ, ಇಡುತ್ತೇನೆ. ಎಲ್ವೀರಾ ಬೈಯುತ್ತಾಳೆ: "ಮಾಡೋದಾದ್ರೆ ಮಾಡಿ, ಇಲ್ಲಾಂದ್ರೆ ಆ ಫೋನಿಗೆ ಜೋಗುಳ ಹಾಡೋದು ನಿಲ್ಸಿ." ಇವತ್ತಿನವರೆಗೆ ಮಾಡಿಲ್ಲ. ನಾಳೆಯದು ಗೊತ್ತಿಲ್ಲ.

ಎಫ್ರೈನ್

•

ಸರ್‌ಪ್ರೈಸ್
ಮಾರ್ಚ್ 21

ಎಫ್ರೈನ್,

ನಿನ್ನೆಯ ಪಂದ್ಯ ನೀನು ಟೀವಿಯಲ್ಲಿ ನೋಡಿರುತ್ತೀಯ. ನೋಡದಿದ್ದರೂ ಈಗ ಎಲ್ಲರ ಫೋನಿನಲ್ಲೂ ಅದೇ ಇದೆ.

ನಾಲ್ಕನೆಯ ಇನ್ನಿಂಗ್ಸ್. ಬ್ಯಾಟಿಗೆ ಬಂದವನು ಯೋಹಾನ್ಸಿ ಪೆಗೆರೊ, ಡೊಮಿನಿಕನ್ ಹುಡುಗ, ಇಪ್ಪತ್ತು ವಯಸ್ಸು, ಈ ವಸಂತದಲ್ಲಿ ಎಲ್ಲರನ್ನೂ ಬಡಿದು ಹಾಕುತ್ತಿರುವವನು. ಒಳಗಡೆಗೆ ವೇಗದ ಚೆಂಡು ಎಂದು ಕ್ಯಾಚರ್ ಸನ್ನೆ ಮಾಡಿದ. ಸರಿ ಎಂದೆ. ಎಸೆಯುವ ದಿಬ್ಬದ ಮೇಲೆ ಕಾಲು ಎತ್ತಿದೆ, ಕೈ ಮುಂದೆ ಬಂತು. ಅಲ್ಲಿಂದ ಮುಂದೆ ಚೆಂಡು ಕೈಯಲ್ಲಿ ಇದೆಯೋ ಹೋಯಿತೋ ನನಗೆ ತಿಳಿಯಲಿಲ್ಲ. ಕೈಯಿಂದಲ್ಲ, ಕಣ್ಣಿಂದ ಗೊತ್ತಾಯಿತು. ಅದು ನೇರ ಅವನ ಕಿವಿಯ ಹಿಂದಕ್ಕೆ ಹೊರಟಿತ್ತು. ಹುಡುಗ ಕಡಿದು ಹಾಕಿದ ಹಾಗೆ ನೆಲಕ್ಕೆ ಬಿದ್ದ. ಹೆಲ್ಮೆಟ್ ಉರುಳಿಕೊಂಡು ಹೋಯಿತು. ತಗಲಿತೋ ಇಲ್ಲವೋ ಅಂತ ನನಗೆ ಕಾಣಲಿಲ್ಲ.

ಚೆಂಡು ತಗಲಿರಲಿಲ್ಲ, ಅವನು ಎದ್ದ. ಮಣ್ಣು ಕೊಡವಿಕೊಂಡ. ನನ್ನನ್ನು ನೋಡಿ ಹಲ್ಲು ಬಿಟ್ಟು ನಕ್ಕ.

ಜನ ಹುಚ್ಚೆದ್ದು ಕೂಗಿದರು. ಬೇಕೆಂದೇ ಎಸೆದೆ ಅಂದುಕೊಂಡರು ಎಲ್ಲರೂ. ಹಳೆಯ ಕಾಲದ ಪಿಚರ್, ಮೆರೆಯುವ ಹುಡುಗನಿಗೆ ಎಲ್ಲಿ ನಿಲ್ಲಬೇಕೆಂದು ತೋರಿಸಿದ ಅಂತ. ಮುಂದಿನ ಚೆಂಡಿಗೆ ಅವನು ಅರ್ಧ ಹೆಜ್ಜೆ ಹಿಂದೆ ಸರಿದು ನಿಂತ, ಬ್ಯಾಟು ಬೀಸಿ ಔಟಾದ. ನಾನು ಬೆಂಚಿಗೆ ಬಂದಾಗ ಮರ್ಲ್ ಟ್ಯಾಗರ್ಟ್, ಮಾತೇ ಆಡದ ಟ್ಯಾಗರ್ಟ್, ಬೆನ್ನಿಗೆ ಗುದ್ದಿ ಹೇಳಿದ: "ಹಳೇ ಹುಲಿ ಕಣಯ್ಯ ನೀನು! ಎಷ್ಟು ವರ್ಷ ಆಗಿತ್ತು ಇಂಥದ್ದು ನೋಡಿ." ಇಂದು ಬೆಳಗ್ಗೆ ಕೋಣೆಗೆ ಕರೆದು ತಂಡದಲ್ಲಿ ನನ್ನ ಹೆಸರು ಇದೆ ಅಂದ. ಸೀಸನ್ ಶುರುವಾಗುವಾಗ ಅವರ ಜೊತೆ ಹೊರಡಬೇಕು.

ನಾನು ನಕ್ಕೆ. ಎರಡು ಸಲವೂ ನಕ್ಕೆ.

ನೀನು ಬರೆದ ಸಾಲನ್ನೂ ಜನ ತಿರುಗಿಸಿಬಿಟ್ಟಿದ್ದಾರೆ. 'ಗೆಳೆಯನ ಬಗ್ಗೆ ಸುಮ್ಮನಿದ್ದಾನೆ ಅಂದರೆ ಒಳಗೆ ಏನೋ ಒಳ್ಳೇದು ಬಚ್ಚಿಟ್ಟಿದ್ದಾನೆ' ಅಂತೆ. ಈಗ ಎಲ್ಲರ ಕಾಗದದ ತಂಡದಲ್ಲೂ ನಾನೇ. ಹ್ಯಾಟಿನ ಮುದುಕ ಬೇಲಿಯಾಚೆಯಿಂದ ಕೂಗಿದ: "ನನ್ನ ಅಳಿಯ ಈಗ ನಿನ್ನನ್ನ ಕೊಡು ಅಂತ ಕಾಲಿಗೆ ಬೀಳ್ತಿದಾನೆ!"

ಪಂದ್ಯ ಮುಗಿದ ಮೇಲೆ ಸ್ನಾನಕ್ಕೆ ಹೋದೆ. ಬಿಸಿನೀರಿಗೆ ಕೈ ಹಿಡಿದೆ. ಕಿರುಬೆರಳು ಕೆಂಪಗಾಯಿತು. ಬಿಸಿ ಮಾತ್ರ ತಿಳಿಯಲಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ ಇದು. ಹೌದು. ಎರಡೂ ಬೆರಳು. ಕ್ರಿಸ್ಮಸ್ಸಿಗಿಂತ ಮೊದಲಿನಿಂದ.

ಏನು ಮಾಡಲಿ?

ಹಾರ್ಲನ್

•

ಸರ್‌ಪ್ರೈಸ್
ಮಾರ್ಚ್ 30

ಎಫ್ರೈನ್,

ನೀನು ಉತ್ತರ ಬರೆಯಲಿಲ್ಲ. ಮೊದಲು ಮೂರು ದಿನ ಟಪಾಲಿನವನ ದಾರಿ ಕಾದೆ, ನಿನಗೆ ಶಾಪ ಹಾಕಿದೆ. ಈಗ ನೋಡಿದರೆ ಒಳ್ಳೆಯದೇ ಆಯಿತು. ನೀನು ಬರೆದಿದ್ದರೆ ನಿನ್ನ ಮಾತು ಕೇಳಿ ಮಾಡಿದೆ ಅಂತ ಸಾಯುವವರೆಗೂ ನಿನ್ನ ಮೇಲೆ ಹಾಕುತ್ತಿದ್ದೆ.

ಮೊದಲು ಮಾರಿಟ್‌ಗೆ ಫೋನು ಮಾಡಿ ಹೇಳಿದೆ. "ಅಂಗಿ ಗುಂಡಿ" ಎಂದಳು. ಏನದು ಎಂದೆ. "ಏನಿಲ್ಲ, ನಾನು ಬರ್ತೀನಿ" ಎಂದಳು. ಮರುದಿನ ವಿಮಾನ ಹತ್ತಿ ಬಂದಿದ್ದಾಳೆ. ಈಗ ಪಕ್ಕದ ಕುರ್ಚಿಯಲ್ಲಿ ಕೂತು ಈ ಬಿಸಿಲಿಗೂ ಸ್ವೆಟರ್ ಹೆಣೆಯುತ್ತಿದ್ದಾಳೆ.

ಆಮೇಲೆ ಟ್ಯಾಗರ್ಟ್‌ನ ಕೋಣೆಗೆ ಹೋದೆ. ನನ್ನ ಹೆಸರು ಹೊಲಿದ ಅಂಗಿ ಕುರ್ಚಿಯ ಬೆನ್ನಿಗೆ ನೇತುಹಾಕಿತ್ತು. ಕೂರು ಅಂದ, ಕೂರಲಿಲ್ಲ. ಬೆರಳಿನ ವಿಷಯ ಹೇಳಿದೆ. ಅವನು ಕೇಳಿದ್ದು ಒಂದೇ.

"ಆ ಹುಡುಗನ ಕಡೆ ಹೋದ ಚೆಂಡು?"

"ಜಾರಿದ್ದು."

ಮುಖದ ರಕ್ತ ಇಳಿಯಿತು ಅವನಿಗೆ. ಎದ್ದು ಹೋಗಿ ಬಾಗಿಲು ಮುಚ್ಚಿದ. ಕಿಟಕಿಯ ಹತ್ತಿರ ನಿಂತು ಮೈದಾನಕ್ಕೆ ನೀರು ಹಾಕುವವರನ್ನು ನೋಡುತ್ತಿದ್ದ. "ನಾನು ನಿನ್ನ ಬೆನ್ನು ತಟ್ಟಿದೆನಲ್ಲಯ್ಯ" ಎಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಆ ಮಾತನ್ನೇ ಇನ್ನೊಂದು ಸಲ ಹೇಳಿದ. ಆಮೇಲೆ ಡಾಕ್ಟರನ್ನು ಕರೆಸಿದ.

ನರ ಮೊಣಕೈಯಲ್ಲಿ ಸಿಕ್ಕಿಕೊಂಡಿದೆಯಂತೆ. ಮುಂದಿನ ವಾರ ಕುಯ್ದು ಬಿಡಿಸುತ್ತಾರೆ. ಬೆರಳಿಗೆ ಸ್ಪರ್ಶ ಬರಬಹುದು ಅಂದರು. ಎಸೆಯಬಹುದೇ ಅಂತ ಕೇಳಿದೆ. ಡಾಕ್ಟರ್ ನನ್ನ ಬದಲು ಮಾರಿಟ್‌ಳ ಮುಖ ನೋಡಿದರು. ನಾನು ಮತ್ತೆ ಕೇಳಲಿಲ್ಲ. ತಂಡ ನಾನಿಲ್ಲದೆ ಹೊರಟಿತು. ಬೆಳಗ್ಗೆ ಎಚ್ಚರವಾಗುತ್ತದೆ, ಶೂ ಹುಡುಕುತ್ತೇನೆ, ಆಮೇಲೆ ನೆನಪಾಗುತ್ತದೆ. ಭಯ ಹೋಗಿದೆ ಅಂತ ಬರೆಯುವ ಆಸೆ, ಹೋಗಿಲ್ಲ. ಅದರ ಬಣ್ಣ ಬೇರೆಯಾಗಿದೆ, ಅಷ್ಟೇ.

ಇನ್ನೊಂದು ಕೆಲಸ ಉಳಿದಿತ್ತು. ಆ ಹುಡುಗನ ತಂಡದ ಶಿಬಿರ ಇಲ್ಲಿಂದ ಅರ್ಧ ಗಂಟೆ. ಅವರು ಹೊರಡುವ ದಿನ ಬೆಳಗ್ಗೆ ಹೋದೆ. ಬಸ್ಸಿನ ಪಕ್ಕ ಸೂಟ್‌ಕೇಸಿನ ಮೇಲೆ ಕೂತು ಬಾಳೆಕಾಯಿ ಚಿಪ್ಸ್ ತಿನ್ನುತ್ತಿದ್ದ. ನನ್ನನ್ನು ಕಂಡದ್ದೇ ದಡಬಡಿಸಿ ಎದ್ದು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ನೀನು ಕಲಿಸಿದ ಸ್ಪ್ಯಾನಿಷ್ ಅರ್ಧಕ್ಕರ್ಧ ಬೈಗುಳ. ಉಳಿದರ್ಧದಲ್ಲಿ ಹೇಳಿದೆ. ಅಂದು ನಿನ್ನ ತಲೆಯ ಹತ್ತಿರ ಬಂದ ಚೆಂಡು ನಾನು ಬೇಕೆಂದು ಎಸೆದದ್ದಲ್ಲ, ನನ್ನ ಬೆರಳು ಸತ್ತಿತ್ತು, ಅದು ಗೊತ್ತಿದ್ದೂ ಎಸೆದೆ, ನೀನು ಸಾಯಬಹುದಿತ್ತು, ತಪ್ಪಾಯಿತು ಎಂದು.

ಅವನು ಸಿಟ್ಟಾಗುತ್ತಾನೆ ಅಂದುಕೊಂಡಿದ್ದೆ. ಹೊಡೆದರೆ ಹೊಡೆಯಲಿ ಅಂತಲೇ ಕೈ ಕೆಳಗೆ ಬಿಟ್ಟು ನಿಂತಿದ್ದೆ. ಅವನ ಮುಖ ಬಾಡಿತು, ಎಫ್ರೈನ್. ಹಬ್ಬದ ದಿನ ಉಡುಗೊರೆ ಕಿತ್ತುಕೊಂಡ ಹಾಗೆ.

"ನಮ್ಮಪ್ಪನಿಗೆ ಫೋನ್ ಮಾಡಿ ಹೇಳಿದ್ದೆ" ಎಂದ. "ಸ್ಟೆನ್‌ರುಡ್ ನನ್ನ ತಲೆಗೆ ಗುರಿಯಿಟ್ಟ ಅಂತ. ಅಪ್ಪ ಬೀದಿಯವರಿಗೆಲ್ಲ ಹೇಳ್ಕೊಂಡು ಬಂದ್ರು. ಅಷ್ಟು ದೊಡ್ಡ ಪಿಚರ್ ಸುಮ್‌ಸುಮ್ನೆ ಯಾರ ತಲೆಗೂ ಎಸೆಯಲ್ಲ, ನನ್ನ ಮಗನಿಗೆ ಹೆದರಿದಾನೆ ಅಂತ." ಸ್ವಲ್ಪ ಹೊತ್ತು ಶೂ ತುದಿಯಿಂದ ಮಣ್ಣು ಕೆದಕಿದ. ಆಮೇಲೆ ತಲೆ ಎತ್ತಿ ಕೇಳಿದ: "ಹಾಗಾದ್ರೆ ನೀವು ನನಗೆ ಹೆದರಿರಲಿಲ್ವಾ, ಸರ್?"

ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದ.

"ಹೆದರಿದ್ದೆ" ಎಂದೆ. "ಆ ದಿಬ್ಬದ ಮೇಲೆ ನಿಂತು ಯಾವತ್ತೂ ಅಷ್ಟು ಹೆದರಿರಲಿಲ್ಲ. ನಿಮ್ಮಪ್ಪನಿಗೆ ಹೇಳು."

ಅವನ ಮುಖ ಅರಳಿತು. ನನ್ನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಕುಲುಕಿ, ಸೂಟ್‌ಕೇಸು ಎತ್ತಿಕೊಂಡು ಓಡಿದ.

ನಿನ್ನ
ಹಾರ್ಲನ್